ಸೀರಿಯಲ್ ಮುಗಿದ ಮೇಲೆ ಕತೆ ಎಲ್ಲಿಗೆ ಹೋಯ್ತು?

ಅಕ್ಕಂದಿರೇ, ವಾರಗಿತ್ತೇರೇ, ನಮ್ಮ ಬೀದಿ ಅತ್ತೆಮ್ಮನೋರೇ, ಈ ಸಲ ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲಾ ಪಕ್ಕಕ್ಕಿಟ್ಟು ಬೇರೆ ಒಂದು ವಿಷಯ ತಂದೀನಿ. ಸೀರಿಯಲ್ ವಿಷಯ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಶ್ರೀರಾಂಪುರದಲ್ಲಿ ಯಾರ ಮನೆ ಬಾಗಿಲಿಗೆ ಹೋದ್ರೂ ಒಳಗಿಂದ ಸೀರಿಯಲ್ ಸದ್ದು ಕೇಳುತ್ತೆ. ಒಂದು ಸೀರಿಯಲ್ ಮುಗಿದ ವಾರ ನೋಡ್ಬೇಕು, ಮನೇಲಿ ಯಾರೋ ಊರು ಬಿಟ್ಟು ಹೋದಂಗೆ ಇರುತ್ತೆ. "ಅವಳಿಗೆ ಮಗು ಆಯ್ತೋ ಇಲ್ವೋ, ಆ ಅತ್ತೆ ಸುಧಾರಿಸಿದ್ಲೋ ಇಲ್ವೋ, ಒಂದೂ ಹೇಳ್ದೆ ಮುಗಿಸಿಬಿಟ್ರಲ್ಲೇ" ಅಂತ ನಲ್ಲಿ ಹತ್ರ ಮಾತು. ಕತೆ ಮುಗಿದ್ರೂ ಕೇಳೋರಿಗೆ ಮುಗಿದಿರಲ್ಲ.

ಹಂಗಾದ್ರೆ ಮುಗಿದ ಸೀರಿಯಲ್ಲಿನ ಮಿಕ್ಕ ಕತೆ ಎಲ್ಲಿ ಹೋಗುತ್ತೆ? ಹೊರದೇಶದಲ್ಲಿ ಇದಕ್ಕೆ ಒಂದು ದಾರಿ ಅರವತ್ತು ವರ್ಷದಿಂದ ಐತೆ. ಟಿವಿ ಕತೆ ನಿಂತ ಜಾಗದಿಂದ ಮುಂದಕ್ಕೆ, ಇಲ್ಲಾ ಎರಡು ಕಂತಿನ ಮಧ್ಯದ ಸಂದಿನಲ್ಲಿ, ಹೊಸ ಕತೆ ಕಟ್ಟಿ ಚಿತ್ರದ ಪುಸ್ತಕ ಮಾಡಿ ಮಾರ್ತಾರೆ. ಅದರಲ್ಲೂ ಆಕಾಶ, ನಕ್ಷತ್ರ, ಬೇರೆ ಗ್ರಹ ಅಂತ ಬರೋ ವಿಜ್ಞಾನದ ಸೀರಿಯಲ್ಲುಗಳಿಗೆ ಇಂಥ ಕಾಮಿಕ್ಸ್ ಜಾಸ್ತಿ. ನನ್ನ ತಂಗಿ ಮಗಳು ಬೆಂಗಳೂರಿಂದ ಬಂದಾಗ ಒಂದು ಚೀಲದ ತುಂಬ ತಂದು ಇಟ್ಟು ಹೋದ್ಲು. ಓದ್ತಾ ಓದ್ತಾ ಇದರ ಚರಿತ್ರೆ ಹಿಡ್ಕೊಂಡು ಹೋದೆ. ನಮ್ಮಂಥ ಹೆಂಗಸರಿಗೂ ಇದರಲ್ಲಿ ಬೇಕಾದ ಮಾತು ಐತೆ ಅನ್ನಿಸ್ತು, ಅದಕ್ಕೇ ಬರೀತಿದೀನಿ.

ಇದು ಹೊರಗಿನೋರ ವಿದ್ಯೆ, ನಮಗೆ ಗೊತ್ತಿಲ್ಲದ್ದು ಅಂದ್ಕೋಬೇಡಿ. ಕುಮಾರವ್ಯಾಸನ ಭಾರತವನ್ನೇ ತಗೊಳ್ಳಿ. ಗದುಗಿನ ಭಾರತ ಅಂತ ನಾವು ಕೈ ಮುಗಿಯೋ ಆ ಗ್ರಂಥದಲ್ಲಿ ಇರೋದು ಹತ್ತೇ ಪರ್ವ. ಗದಾಪರ್ವಕ್ಕೆ, ದುರ್ಯೋಧನ ಬಿದ್ದಲ್ಲಿಗೆ ನಿಂತೋಯ್ತು. ಕೇಳ್ತಿದ್ದ ಜನ ಸುಮ್ಮನಿರ್ತಾರಾ? ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನ ಬರೆದು ಮುಗಿಸಿದ. ಇನ್ನು ಪಕ್ಕದ ಕಡೂರು ತಾಲ್ಲೂಕಿನ ದೇವನೂರಿನೋನು ಅಂತ ನಾವೆಲ್ಲ ಹೆಮ್ಮೆ ಪಡೋ ಲಕ್ಷ್ಮೀಶ, ಜೈಮಿನಿ ಹೆಸರಿನ ಸಂಸ್ಕೃತ ಕತೆ ಹಿಡಿದು ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕುದುರೆ ಹಿಂದೆ ಹೊರಟ. ಕುದುರೆ ಹೋದ ಊರಲ್ಲೆಲ್ಲಾ ಒಂದೊಂದು ಕತೆ. ಚಂದ್ರಹಾಸ, ಸುಧನ್ವ, ಗಂಡ ಹೇಳಿದ್ದಕ್ಕೆಲ್ಲಾ ಉಲ್ಟಾ ಮಾಡೋ ಚಂಡಿ, ಎಲ್ಲಾ ಅಲ್ಲೇ ಸಿಗೋರು. ವ್ಯಾಸರ ಭಾರತದಲ್ಲಿ ಚಂದ್ರಹಾಸನ ಕತೆ ಹುಡುಕಿದ್ರೆ ಸಿಗಲ್ಲ. ಹಂಗಂತ ಚಂದ್ರಹಾಸನ ನಾಟಕ ಸುಳ್ಳು ಅಂತ ನಮ್ಮೂರಲ್ಲಿ ಯಾರೂ ಎದ್ದು ಹೋಗಿಲ್ಲ. ದೊಡ್ಡ ಕತೆಯ ಸಂದಿನಲ್ಲಿ ಚಿಕ್ಕ ಕತೆ ಹುಟ್ಟೋದು ನಮ್ಮ ನೆಲದ ಹಳೇ ರೂಢಿ. ಇದನ್ನ ಮನಸಲ್ಲಿಟ್ಕೊಂಡು ಮುಂದೆ ಓದಿ.

ಮೊದಲು ಸ್ಟಾರ್ ಟ್ರೆಕ್ ಕತೆ. ನಮ್ಮಲ್ಲಿ 1980ರ ದಶಕದಲ್ಲಿ ದೂರದರ್ಶನದೋರು ಭಾನುವಾರ ಬೆಳಿಗ್ಗೆ ತೋರಿಸ್ತಿದ್ರು, ಕೆಲವರಿಗಾದ್ರೂ ನೆನಪಿರಬಹುದು. ಉದ್ದ ಕಿವಿಯ ಸ್ಪಾಕ್ ಅಂತ ಒಬ್ಬ, ನಗೋದೇ ಇಲ್ಲ. ನಮ್ಮ ಬೀದಿಗೆಲ್ಲಾ ಆಗ ಒಂದೇ ಟಿವಿ. ಇಂಗ್ಲಿಷು ಒಂದಕ್ಷರ ತಿಳೀದಿದ್ರೂ ಇಪ್ಪತ್ತು ಮೂವತ್ತು ಜನ ಚಾಪೆ ಮೇಲೆ ಕೂತು ನೋಡ್ತಿದ್ವಿ. ಯಾರೋ ಅಜ್ಜಿ "ಇವನ್ಯಾರೇ, ಕಿವಿ ನೋಡಿದ್ರೆ ಮಾರೀಚ ಇದ್ದಂಗವ್ನೆ" ಅಂದ್ರೆ ಎಲ್ರೂ ನಗೋರು.

ಅಮೆರಿಕದಲ್ಲಿ ಆ ಸೀರಿಯಲ್ ಶುರುವಾಗಿದ್ದು 1966ರ ಸೆಪ್ಟೆಂಬರ್ 8ಕ್ಕೆ, ಮುಗಿದಿದ್ದು 1969ರ ಜೂನ್ 3ಕ್ಕೆ. ಒಟ್ಟು 79 ಕಂತು, ಅಷ್ಟೇ. ಅದರ ಹಿಂದೆ ಇಬ್ಬರು ಹೆಂಗಸರು ಇದ್ರು ಅನ್ನೋದು ನನಗೆ ತುಂಬಾ ಹಿಡಿಸ್ತು. ಒಬ್ಬರು ಲೂಸಿಲ್ ಬಾಲ್, ನಗಿಸೋ ನಟಿ. ಆಯಮ್ಮನ ಡೆಸಿಲು ಅನ್ನೋ ಸ್ಟುಡಿಯೋನೇ ಇದನ್ನ ತಯಾರು ಮಾಡಿದ್ದು. ಇನ್ನೊಬ್ಬರು ಬ್ಜೋ ಟ್ರಿಂಬಲ್ ಅಂತ, ನಮ್ಮ ನಿಮ್ಮಂಗೆ ನೋಡೋ ಹೆಣ್ಣುಮಗಳು. ಎರಡನೇ ವರ್ಷಕ್ಕೇ ಸೀರಿಯಲ್ ನಿಲ್ಲಿಸ್ತಾರೆ ಅನ್ನೋ ಸುದ್ದಿ ಬಂದಾಗ ಗಂಡನ ಜೊತೆ ಸೇರಿ ಊರೂರಿನ ನೋಡುಗರಿಂದ ಟಿವಿ ಕಂಪನಿಗೆ ಕಾಗದ ಬರೆಸಿದ್ರು. ಕಾಗದದ ರಾಶಿ ನೋಡಿ ಕಂಪನಿಯೋರು ಮೂರನೇ ವರ್ಷಕ್ಕೆ ಒಪ್ಕೊಂಡ್ರು. ಮೂರು ವರ್ಷದ ಕಂತುಗಳು ಇದ್ದಿದ್ರಿಂದಲೇ ಮುಂದೆ ಬೇರೆ ಬೇರೆ ಊರಿನ ಟಿವಿಗಳು ಅದನ್ನ ದಿನಾ ಮರುಪ್ರಸಾರ ಮಾಡೋಕಾಯ್ತು, ಕತೆ ಉಳೀತು. ನೋಡೋರು ಬರೀ ನೋಡೋರಲ್ಲ ಕಣ್ರೇ, ಎದ್ದು ನಿಂತ್ರೆ ಕತೆ ಉಳಿಸ್ತಾರೆ.

ಈ ಸೀರಿಯಲ್ಲಿನ ಮೇಲೆ ಮೊದಲ ಕಾಮಿಕ್ಸ್ ತಂದೋರು ಗೋಲ್ಡ್ ಕೀ ಅನ್ನೋ ಹೆಸರಿನೋರು, 1967ರ ಜುಲೈನಲ್ಲಿ. ಹೆಂಗೆ ಮಾಡ್ತಾರೆ ಗೊತ್ತಾ? ಪುಸ್ತಕದೋರು ಸ್ಟುಡಿಯೋದೋರಿಗೆ ದುಡ್ಡು ಕೊಟ್ಟು ಲೈಸೆನ್ಸ್ ತಗೋತಾರೆ. ಆ ಪಾತ್ರಗಳ ಹೆಸರು, ಮುಖ, ಹಡಗು, ಬಟ್ಟೆ ಬಳಸೋಕೆ ಅಪ್ಪಣೆ ಅದು. ಹೊಲ ನಮ್ಮದಲ್ಲ, ಗುತ್ತಿಗೆ ಹಿಡಿದು ಬೆಳೆ ತೆಗೆದಂಗೆ. ಫಸಲು ತೆಗೀಬಹುದು, ಮರ ಕಡಿಯೋ ಹಂಗಿಲ್ಲ. ಅಂದ್ರೆ ಮುಖ್ಯ ಪಾತ್ರಗಳನ್ನ ಸಾಯಿಸೋ ಹಂಗಿಲ್ಲ, ಮದುವೆ ಮಾಡೋ ಹಂಗಿಲ್ಲ. ಕತೆ ಎಷ್ಟು ದೂರ ಹೋದ್ರೂ ಕೊನೇ ಪುಟಕ್ಕೆ ಎಲ್ರನ್ನೂ ಮೊದಲಿದ್ದ ಜಾಗಕ್ಕೆ ತಂದು ಬಿಡಬೇಕು.

ಇದರಲ್ಲಿ ಒಂದು ತಮಾಷೆ ಐತೆ. ಆ ಮೊದಲ ಪುಸ್ತಕಗಳ ಚಿತ್ರ ಬರೆದೋರು ಇಟಲಿಯೋರು, ನೆವಿಯೊ ಝೆಕ್ಕಾರಾ ಮತ್ತೆ ಆಲ್ಬರ್ಟೊ ಜೊಲಿಟ್ಟಿ. ಅವರು ಸೀರಿಯಲ್ ನೋಡೇ ಇರಲಿಲ್ಲ! ಆಗ ಅವರ ದೇಶಕ್ಕೆ ಅದು ಬಂದಿರಲಿಲ್ಲ. ಕಂಪನಿ ಕಳಿಸಿದ ಕೆಲವು ಫೋಟೋ ಇಟ್ಕೊಂಡು ಬರೆದ್ರು. ಅದಕ್ಕೇ ಆ ಆಕಾಶದ ಹಡಗಿನ ಹಿಂದಿನಿಂದ ರಾಕೆಟ್ಟಿನ ತರ ಬೆಂಕಿ ಬರುತ್ತೆ, ಬಟ್ಟೆ ಬಣ್ಣ ಬೇರೆ ಆಗುತ್ತೆ. ಮದುವೆಗೆ ಬರದೋರು ಬರೀ ಫೋಟೋ ನೋಡಿ ಮದುವೆ ವರ್ಣನೆ ಮಾಡಿದಂಗೆ. ಆದ್ರೂ ಪುಸ್ತಕ ನಿಲ್ಲಲಿಲ್ಲ. ಸೀರಿಯಲ್ ಮೂರೇ ವರ್ಷ ನಡೆದಿದ್ದು, ಗೋಲ್ಡ್ ಕೀ ಕಾಮಿಕ್ಸ್ ಮಾತ್ರ 1979ರ ತನಕ 61 ಸಂಚಿಕೆ ಬಂತು. ಟಿವಿಲಿ ಹೊಸ ಕಂತು ಇಲ್ಲದ ಹತ್ತು ವರ್ಷ ಆ ಹಡಗು ಹೊಸ ಗ್ರಹಕ್ಕೆ ಹೋಗ್ತಾ ಇದ್ದಿದ್ದು ಹೆಚ್ಚಾಗಿ ಕಾಗದದ ಮೇಲೇ. ಮಧ್ಯೆ 1973, 74ರಲ್ಲಿ ಬಂದ ಕಾರ್ಟೂನು ಒಂದು ಬಿಟ್ರೆ ತೆರೆ ಮೇಲೆ ಹೊಸದು ಏನೂ ಇರಲಿಲ್ಲ.

ಕಾಗದಕ್ಕೆ ಇನ್ನೊಂದು ಅನುಕೂಲ ಐತೆ. ಟಿವಿಲಿ ಪ್ರತಿಯೊಂದಕ್ಕೂ ದುಡ್ಡು ಬೇಕು. ಪ್ರತಿ ವಾರ ಹಡಗು ನೆಲಕ್ಕಿಳಿಯೋದು ತೋರಿಸಿದ್ರೆ ಖರ್ಚು ಜಾಸ್ತಿ ಅಂತಲೇ, ನಿಂತ ಜಾಗದಲ್ಲಿ ಮಾಯವಾಗಿ ಇನ್ನೊಂದು ಕಡೆ ಎದ್ದು ನಿಲ್ಲೋ ಉಪಾಯ ಸ್ಟಾರ್ ಟ್ರೆಕ್‌ನೋರು ಮಾಡಿದ್ದು. ಬಡವರ ಮನೆ ಅಡುಗೆ ಜಾಣತನ ಅದು, ಇದ್ದದ್ದರಲ್ಲೇ ರುಚಿ ತರೋದು. ಚಿತ್ರ ಬರೆಯೋನಿಗೆ ಆ ತೊಂದರೆ ಇಲ್ಲ. ಒಂದು ಹಡಗು ಬರೆದ್ರೂ ಸಾವಿರ ಹಡಗು ಬರೆದ್ರೂ ಅದೇ ಶಾಯಿ, ಅದೇ ಕಾಗದ. ಅದಕ್ಕೇ ಟಿವಿಲಿ ಗುಡ್ಡ ಬಂಡೆ ತೋರಿಸಿ ಮುಗಿಸ್ತಿದ್ದ ಗ್ರಹಗಳು ಪುಸ್ತಕದಲ್ಲಿ ಗಿಡಗಳದ್ದೇ ರಾಜ್ಯ, ದೈತ್ಯರದ್ದೇ ಊರು ಅಂತ ಬೆಳೆದವು.

ಕಷ್ಟ ಬಂದಿದ್ದು ಸಿನಿಮಾ ಶುರುವಾದ ಮೇಲೆ. 1982ರ ಎರಡನೇ ಸಿನಿಮಾದಲ್ಲಿ ಸ್ಪಾಕ್ ಸತ್ತ. 1984ರ ಮೂರನೇದರಲ್ಲಿ ಮತ್ತೆ ಎದ್ದ. 1986ರಲ್ಲಿ ನಾಲ್ಕನೇದು. ಡಿ.ಸಿ. ಅನ್ನೋ ದೊಡ್ಡ ಕಾಮಿಕ್ಸ್ ಕಂಪನಿಯೋರು 1984ರಲ್ಲಿ ತಿಂಗಳ ಪುಸ್ತಕ ಶುರು ಮಾಡಿದ್ರು. ಎರಡು ಸಿನಿಮಾ ಮಧ್ಯದ ಎರಡು ವರ್ಷ ತಿಂಗಳು ತಿಂಗಳೂ ಕತೆ ಬೇಕಲ್ಲ? ಮೂರನೇ ಸಿನಿಮಾದಲ್ಲಿ ಹಳೇ ಹಡಗು ಸುಟ್ಟು ಹೋಗಿತ್ತು, ಇವರು ನಾಯಕನಿಗೆ ಬೇರೆ ಹಡಗು ಕೊಟ್ರು. ಸ್ಪಾಕ್‌ಗೂ ಒಂದು ಹಡಗು ಕೊಟ್ರು. ಆಮೇಲೆ ನಾಲ್ಕನೇ ಸಿನಿಮಾ ಬಂದು ನೋಡಿದ್ರೆ, ಎಲ್ರೂ ಮೂರನೇ ಸಿನಿಮಾ ಮುಗಿದ ಜಾಗದಲ್ಲೇ ಕೂತವ್ರೆ! ಕಾಮಿಕ್ಸ್‌ನೋರು ಅವರನ್ನೆಲ್ಲಾ ಗಡಿಬಿಡೀಲಿ ಹಿಂದಕ್ಕೆ ಕರ್ಕೊಂಡು ಬರೋ ಕತೆ ಕಟ್ಟಬೇಕಾಯ್ತು. ಮಾವನ ಮನೆಯೋರು ಬರ್ತಾರೆ ಅಂತ ಹರಡಿದ ಸಾಮಾನೆಲ್ಲಾ ಎತ್ತಿ ಮೊದಲಿದ್ದಂಗೆ ಜೋಡಿಸ್ತೀವಲ್ಲ, ಥೇಟ್ ಹಂಗೆ.

ಇದರಿಂದ ಒಂದು ನಿಯಮ ತಿಳಿಯುತ್ತೆ. ತೆರೆ ಮೇಲೆ ಬಂದಿದ್ದು ಮಾತ್ರ ನಿಜ, ಪುಸ್ತಕದಲ್ಲಿ ಬಂದಿದ್ದು ಲೆಕ್ಕಕ್ಕಿಲ್ಲ ಅಂತ ಮಾಲೀಕರು ಗೆರೆ ಎಳೆದಿದ್ರು. ಹಂಗಿದ್ರೂ ಗೆರೆ ಆಚೆಯಿಂದ ಒಳಗೆ ಬಂದ ಒಂದು ಹೆಸರಿನ ಕತೆ ಹೇಳ್ತೀನಿ, ಇದು ಹೆಣ್ಣುಮಕ್ಕಳು ಕೇಳಲೇಬೇಕಾದ್ದು.

ಸ್ಟಾರ್ ಟ್ರೆಕ್‌ನಲ್ಲಿ ಉಹುರಾ ಅಂತ ಒಂದು ಪಾತ್ರ. ಆಫ್ರಿಕಾ ಮೂಲದ ಹೆಣ್ಣುಮಗಳು, ಹಡಗಿನ ಸಂದೇಶ ನೋಡ್ಕೊಳ್ಳೋ ಅಧಿಕಾರಿ. ಮಾಡಿದೋರು ನಿಶೆಲ್ ನಿಕೋಲ್ಸ್. 1960ರ ದಶಕದ ಅಮೆರಿಕದ ಟಿವಿಲಿ ಕಪ್ಪು ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಸಿಗ್ತಿದ್ದಿದ್ದು ಕೆಲಸದೋಳ ಪಾತ್ರ. ಮೊದಲ ವರ್ಷ ಆದ ಮೇಲೆ ಆಯಮ್ಮ ಬಿಟ್ಟು ಹೋಗೋಣ ಅಂತಿದ್ರಂತೆ. ಮಾರ್ಟಿನ್ ಲೂಥರ್ ಕಿಂಗ್ ಅವರೇ ಸಿಕ್ಕಿ, ಬಿಡಬೇಡಿ, ನೀವು ಅಲ್ಲಿ ಕಾಣಿಸ್ಕೊಳ್ಳೋದೇ ದೊಡ್ಡದು ಅಂತ ಹೇಳಿ ನಿಲ್ಲಿಸಿದ್ದನ್ನ ನಿಕೋಲ್ಸ್ ಎಷ್ಟೋ ಸಲ ಹೇಳ್ಕೊಂಡಿದ್ದಾರೆ. ಅಂಥ ಪಾತ್ರಕ್ಕೆ ಸೀರಿಯಲ್‌ನಲ್ಲಿ ಅರ್ಧ ಹೆಸರು! ಗಂಡಸರಿಗೆ ಜೇಮ್ಸ್, ಲಿಯೊನಾರ್ಡ್ ಅಂತ ಪೂರ್ತಿ ಹೆಸರು, ಇವಳಿಗೆ ಬರೀ ಉಹುರಾ. ನಮ್ಮಲ್ಲೂ ಹಂಗೇ ಅಲ್ವಾ, ಇಂಥೋರ ಸೊಸೆ, ಇಂಥೋನ ತಾಯಿ ಅಂತ ಕರೆದು ಕರೆದು ಅವಳ ಹೆಸರೇ ಮರೆತು ಹೋಗಿರುತ್ತೆ. 1982ರಲ್ಲಿ ವಿಲಿಯಂ ರಾಟ್ಸ್‌ಲರ್ ಅನ್ನೋರು ಈ ಪಾತ್ರಗಳ ಮೇಲೆ ಒಂದು ಪುಸ್ತಕ ಬರೆಯುವಾಗ ಅವಳಿಗೆ ನ್ಯೋಟಾ ಅಂತ ಹೆಸರಿಟ್ರು. ಸ್ವಾಹಿಲಿ ಭಾಷೇಲಿ ನಕ್ಷತ್ರ ಅಂತ ಅರ್ಥ. ನಿಕೋಲ್ಸ್‌ಗೂ ಇಷ್ಟ ಆಯ್ತು. ಓದೋರು ಬಳಸಿದ್ರು, ಕತೆಗಾರರು ಬಳಸಿದ್ರು. 27 ವರ್ಷ ಆದ ಮೇಲೆ, 2009ರ ಸಿನಿಮಾದಲ್ಲಿ, ತೆರೆ ಮೇಲೆ ಮೊದಲ ಸಲ ಅವಳನ್ನ ನ್ಯೋಟಾ ಅಂತ ಕರೆದ್ರು. ತೆರೆ ಕೊಡದ ಹೆಸರನ್ನ ಕಾಗದ ಕೊಡ್ತು. ಅದು ಕಾಮಿಕ್ಸ್ ಪುಸ್ತಕವಲ್ಲ ನಿಜ, ಆದ್ರೆ ಸೀರಿಯಲ್ ಪಕ್ಕದಲ್ಲಿ ಹುಟ್ಟೋ ಎಲ್ಲಾ ಪುಸ್ತಕಗಳ ಬಲ ಇಷ್ಟು ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಸಿಗಲಿಲ್ಲ.

ಈಗ ಇಂಗ್ಲೆಂಡಿನ ಡಾಕ್ಟರ್ ಹೂ ಕತೆ. ಬಿಬಿಸಿಯೋರು 1963ರ ನವೆಂಬರ್ 23ಕ್ಕೆ ಶುರು ಮಾಡಿದ್ರು. ಹೊರಗಿಂದ ಪೋಲೀಸ್ ಡಬ್ಬಿ, ಒಳಗೆ ಹೊಕ್ಕರೆ ಅರಮನೆಯಷ್ಟು ಜಾಗ ಇರೋ ಯಂತ್ರದಲ್ಲಿ ಕಾಲದಿಂದ ಕಾಲಕ್ಕೆ ಹೋಗೋ ಮುದುಕನ ಕತೆ. ಒಂದು ವರ್ಷಕ್ಕೆ, 1964ರ ನವೆಂಬರಿನಲ್ಲಿ, ಟಿವಿ ಕಾಮಿಕ್ ಅನ್ನೋ ಮಕ್ಕಳ ವಾರಪತ್ರಿಕೇಲಿ ಚಿತ್ರಕತೆಯಾಗಿ ಬಂತು. ಟಿವಿಲಿ ಡಾಕ್ಟರ್ ಜೊತೆಗಿದ್ದೋರನ್ನ ಬಳಸದೆ ಪತ್ರಿಕೆಯೋರು ಜಾನ್, ಜಿಲಿಯನ್ ಅಂತ ಇಬ್ಬರು ಮೊಮ್ಮಕ್ಕಳನ್ನೇ ಹುಟ್ಟಿಸಿಬಿಟ್ರು. ಟಿವಿಲಿ ಈ ಮೊಮ್ಮಕ್ಕಳು ಯಾವತ್ತೂ ಇಲ್ಲ. ಆ ಕತೇಲಿ ಬರೋ ಡಾಲೆಕ್ ಅನ್ನೋ ದುಷ್ಟ ಯಂತ್ರಗಳಿಗೆ 1965ರ ಜನವರಿಯಿಂದ ಇನ್ನೊಂದು ಪತ್ರಿಕೇಲಿ ತಮ್ಮದೇ ಕತೆ. ವಾರಕ್ಕೊಂದು ಪುಟದಂಗೆ 104 ವಾರ. ರಾವಣನ ಕಡೆಯಿಂದ ರಾಮಾಯಣ ಹೇಳಿದಂಗೆ.

ಈಗ ಹೇಳೋದು ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಆ ಕಾಲದಲ್ಲಿ ವಿಡಿಯೋ ಟೇಪು ದುಬಾರಿ. ಬಿಬಿಸಿಯೋರು 1960, 70ರ ದಶಕದಲ್ಲಿ ಹಳೇ ಟೇಪುಗಳನ್ನ ಅಳಿಸಿ ಮತ್ತೆ ಬಳಸಿದ್ರು. ಹಳೇದು ಯಾರು ನೋಡ್ತಾರೆ ಅನ್ನೋ ಲೆಕ್ಕ. ಡಾಕ್ಟರ್ ಹೂ ಸೀರಿಯಲ್‌ನ 90ಕ್ಕೂ ಹೆಚ್ಚು ಕಂತು ಇವತ್ತಿಗೂ ಸಿಕ್ಕಿಲ್ಲ. ಅದರ ಧ್ವನಿ ಮಾತ್ರ ಉಳಿದೈತೆ, ಅದೂ ಕೆಲವು ಹುಡುಗರು ಮನೇಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿಟ್ಟಿದ್ರಿಂದ. ಅತ್ತ ದೊಡ್ಡ ಸಂಸ್ಥೆ ತನ್ನ ಕತೆ ತಾನೇ ಅಳಿಸ್ತು, ಇತ್ತ ಮೂರು ಕಾಸಿನ ವಾರಪತ್ರಿಕೆಗಳು ಜನರ ಅಟ್ಟದ ಮೇಲೆ, ಪೆಟ್ಟಿಗೆ ಒಳಗೆ ಉಳ್ಕೊಂಡ್ವು.

1979ರ ಅಕ್ಟೋಬರಿನಲ್ಲಿ ಡಾಕ್ಟರ್ ಹೂ ಹೆಸರಿನದೇ ವಾರಪತ್ರಿಕೆ ಬಂತು. ಅದರಲ್ಲಿ 1980ರಲ್ಲಿ ದಿ ಸ್ಟಾರ್ ಬೀಸ್ಟ್ ಅಂತ ಒಂದು ಕತೆ. ಬರೆದೋರಲ್ಲಿ ಪ್ಯಾಟ್ ಮಿಲ್ಸ್ ಒಬ್ಬರು, ಚಿತ್ರ ಡೇವ್ ಗಿಬ್ಬನ್ಸ್. ನೋಡೋಕೆ ಮುದ್ದಾದ ಮೊಲದಂಥ ಪ್ರಾಣಿ, ಒಳಗೆ ನೋಡಿದ್ರೆ ಕ್ರೂರಿ. ಅದನ್ನ ಮನೆಗೆ ತಂದು ಸಾಕೋ ಶಾಲೆ ಹುಡುಗಿ ಶ್ಯಾರನ್. ಕಪ್ಪು ವರ್ಣದ ಹುಡುಗಿ. ಆಮೇಲೆ ಅವಳು ಡಾಕ್ಟರ್ ಜೊತೆ ಪ್ರಯಾಣಕ್ಕೂ ಹೊರಡ್ತಾಳೆ. ಟಿವಿಲಿ ಕಪ್ಪು ವರ್ಣದ ಹೆಣ್ಣು ಡಾಕ್ಟರನ ಜೊತೆಗಾತಿಯಾಗಿ ಪೂರ್ತಿ ಸಾಲು ಕಂತುಗಳಲ್ಲಿ ಬಂದಿದ್ದು 2007ರಲ್ಲಿ, ಮಾರ್ಥಾ ಅನ್ನೋ ಪಾತ್ರ. ಅಂದ್ರೆ ಕಾಮಿಕ್ಸ್ ಟಿವಿಗಿಂತ 27 ವರ್ಷ ಮುಂದಿತ್ತು. ಕೊನೆಗೆ 2023ರ ನವೆಂಬರಿನಲ್ಲಿ, ಸೀರಿಯಲ್‌ಗೆ ಅರವತ್ತು ತುಂಬಿದಾಗ, ಬಿಬಿಸಿಯೋರು ಆ ಸ್ಟಾರ್ ಬೀಸ್ಟ್ ಕತೆಯನ್ನೇ ಟಿವಿಗೆ ತಂದ್ರು. ಕಾಗದದ ಕತೆ 43 ವರ್ಷ ಕಾದು ತವರಿಗೆ ಬಂದಂಗಾಯ್ತು.

ನಮ್ಮ ದೇಶಕ್ಕೆ ಬರೋಣ. ಕಾಮಿಕ್ಸ್ ಅನ್ನೋದು ಕನ್ನಡಕ್ಕೆ ಹೊಸದಲ್ಲ. ಅಮರ ಚಿತ್ರ ಕಥೆ ಹುಟ್ಟಿದ್ದೇ ಬೆಂಗಳೂರಲ್ಲಿ, ಕನ್ನಡದಲ್ಲಿ ಅಂದ್ರೆ ನಂಬ್ತೀರಾ? 1965ರಲ್ಲಿ ಜಿ.ಕೆ. ಅನಂತರಾಂ ಅನ್ನೋ ಪುಸ್ತಕ ವ್ಯಾಪಾರದೋರು ಹಾಕಿದ ಯೋಜನೆ ಅದು. ಮೊದಲ ಹತ್ತು ಪುಸ್ತಕ ಕನ್ನಡದವು, ಸಿಂಡರೆಲ್ಲಾ ತರದ ವಿದೇಶಿ ಕತೆಗಳು. ಆಮೇಲೆ ಇಂಗ್ಲಿಷ್‌ನಲ್ಲಿ ಬಂದ ಕೃಷ್ಣನ ಪುಸ್ತಕಕ್ಕೆ 11ನೇ ನಂಬರು ಬಿದ್ದಿದ್ದು ಅದಕ್ಕೇ. ಅತ್ತ 1964ರಿಂದ 1990ರ ತನಕ ಇಂದ್ರಜಾಲ ಕಾಮಿಕ್ಸ್ ಬರ್ತಿತ್ತು, ಫ್ಯಾಂಟಮ್, ಮಾಂಡ್ರೇಕ್ ಎಲ್ಲಾ ಅದರಲ್ಲೇ. ನಮ್ಮ ಸುಧಾ ವಾರಪತ್ರಿಕೇಲೂ ಫ್ಯಾಂಟಮ್ ಬರ್ತಿದ್ದ. ಸುಧಾ ಬಂದ ದಿನ ಧಾರಾವಾಹಿ ಪುಟಕ್ಕೆ ಅವ್ವ, ಫ್ಯಾಂಟಮ್ ಪುಟಕ್ಕೆ ಅಣ್ಣ, ಇಬ್ಬರ ಮಧ್ಯೆ ಎಳೆದಾಟ. ಮಕ್ಕಳಿಗೆ ಬಾಲಮಂಗಳದ ಡಿಂಗ ಇದ್ದ. ಆದ್ರೆ ಇವ್ಯಾವೂ ಟಿವಿ ಸೀರಿಯಲ್ಲಿನಿಂದ ಹುಟ್ಟಿದ್ದಲ್ಲ.

ಟಿವಿ ನಂಟಿನದು ಅಂದ್ರೆ ಮೊದಲು ನೆನಪಾಗೋದು ಹೀ-ಮ್ಯಾನ್, ದೂರದರ್ಶನದಲ್ಲಿ ಬಂದ ಕಾರ್ಟೂನು. ಅದರ ಹುಟ್ಟು ಉಲ್ಟಾ. 1982ರಲ್ಲಿ ಮ್ಯಾಟೆಲ್ ಅನ್ನೋ ಅಮೆರಿಕದ ಆಟಿಕೆ ಕಂಪನಿ ಗೊಂಬೆ ಮಾರುವಾಗ ಪೊಟ್ಟಣದೊಳಗೆ ಪುಟಾಣಿ ಕಾಮಿಕ್ಸ್ ಇಟ್ಟಿತ್ತು. ಅದರಲ್ಲಿ ಹೀ-ಮ್ಯಾನ್ ಕಾಡಿನ ಕುಲದಿಂದ ಬಂದ ವೀರ. 1983ರಲ್ಲಿ ಟಿವಿಗೆ ಬಂದಾಗ ಅವನು ಕತ್ತಿ ಎತ್ತಿದಾಗ ಮಾತ್ರ ವೀರನಾಗೋ ರಾಜಕುಮಾರ. ಗೊಂಬೆ ಮಾರೋಕೆ ಪುಸ್ತಕ, ಪುಸ್ತಕ ಬೆಳೆದು ಸೀರಿಯಲ್. ವ್ಯಾಪಾರ ಇಲ್ಲದ ಕತೆ ಕಮ್ಮಿ ಅಂತ ಇದರಿಂದ ತಿಳ್ಕೋಬೇಕು.

ನಮ್ಮದೇ ದೇಶದ್ದು ಅಂದ್ರೆ ಶಕ್ತಿಮಾನ್. ದೂರದರ್ಶನದಲ್ಲಿ 1997ರ ಸೆಪ್ಟೆಂಬರ್ 13ರಿಂದ 2005ರ ಮಾರ್ಚ್ 27ರ ತನಕ ಬಂತು. ಮುಕೇಶ್ ಖನ್ನಾ, ನಮಗೆ ಅದಕ್ಕೆ ಮುಂಚೆ ಮಹಾಭಾರತದ ಭೀಷ್ಮ. ಹಲ್ಲುಬ್ಬಿದ ಗಂಗಾಧರ ಅಂತ ಪತ್ರಿಕೆ ಫೋಟೋಗ್ರಾಫರ್, ಗಿರಗಿರ ತಿರುಗಿದ್ರೆ ಶಕ್ತಿಮಾನ್. ಶಕ್ತಿ ಬಂದಿದ್ದು ಯೋಗದಿಂದ, ಕುಂಡಲಿನಿಯಿಂದ. ಎದುರಾಳಿಗಳಲ್ಲಿ ಡಾಕ್ಟರ್ ಜಾಕಾಲ್ ಅನ್ನೋ ವಿಜ್ಞಾನಿ. ಪುರಾಣಾನೂ ವಿಜ್ಞಾನಾನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ರು. 1998ರಲ್ಲಿ ಕ್ಯಾಪ್ಟನ್ ವ್ಯೋಮ್ ಅಂತ ಪೂರ್ತಿ ಅಂತರಿಕ್ಷದ ಸೀರಿಯಲ್ಲೂ ಬಂತು, ಕೇತನ್ ಮೆಹ್ತಾ ಮಾಡಿದ್ದು. ಆದ್ರೆ ನಮ್ಮ ಹಳ್ಳಿ ಮಕ್ಕಳನ್ನ ಹಿಡಿದಿದ್ದು ಶಕ್ತಿಮಾನೇ. ಚಾಚಾ ಚೌಧರಿ ಪುಸ್ತಕ ತರ್ತಿದ್ದ ದಿಲ್ಲಿಯ ಡೈಮಂಡ್ ಕಾಮಿಕ್ಸ್‌ನೋರು ಶಕ್ತಿಮಾನ್ ಕಾಮಿಕ್ಸ್ ತಂದ್ರು.

ನನ್ನ ಮಗನಿಗೆ ಆಗ ಆರು ವರ್ಷ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಊರಲ್ಲಿ ಒಂದು ಹುಡುಗ ಬೀದೀಲಿ ಇರ್ತಿರಲಿಲ್ಲ. ಕರೆಂಟು ಹೋಯ್ತು ಅಂದ್ರೆ ಸೂತಕದ ಮನೆ. ಆ ಕಾಲದಲ್ಲೇ ಪೇಪರಿನಲ್ಲಿ ಒಂದರ ಹಿಂದೆ ಒಂದು ಸುದ್ದಿ ಬಂತು. ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ಅಲ್ಲಲ್ಲಿ ಮಕ್ಕಳು ಮಾಡಿನ ಮೇಲಿಂದ ಹಾರಿದ್ರು, ಬೆಂಕಿ ಹಚ್ಕೊಂಡ್ರು ಅಂತ. ಮುಕೇಶ್ ಖನ್ನಾ ಅವರೇ ತೆರೆ ಮೇಲೆ ಬಂದು, ಇಂಥದ್ದು ಮಾಡಬೇಡಿ ಮಕ್ಕಳೇ ಅಂತ ಹೇಳಿದ್ರು. ಹೇಳಿದ್ದು ಹಿಂದೀಲಿ. ಹಳ್ಳಿ ಮಗುವಿಗೆ ತಿರುಗೋದು ತಿಳಿಯುತ್ತೆ, ಹಾರೋದು ತಿಳಿಯುತ್ತೆ, ಹಿಂದಿ ಬುದ್ಧಿಮಾತು ಎಲ್ಲಿ ತಿಳಿಯುತ್ತೆ? ನಮ್ಮ ಬೀದೀಲೇ ಒಬ್ಬ ಹುಡುಗ ಹುಲ್ಲಿನ ಬಣವೆ ಮೇಲಿಂದ ಹಾರಿ ಕೈ ಮುರ್ಕೊಂಡ. ಅವರ ತಾಯಿ ಟಿವಿ ವೈರೇ ಕಿತ್ತು ಹಾಕಿದ್ರು. ಅವತ್ತು ರಾತ್ರಿ ಎಷ್ಟೋ ಮನೇಲಿ ತಾಯಂದಿರಿಗೆ ನಿದ್ದೆ ಇಲ್ಲ.

ಆಗ ಕೈಗೆ ಬಂದಿದ್ದು ಈ ಕಾಮಿಕ್ಸು. ನನ್ನ ತಮ್ಮ ಬೆಂಗಳೂರಿಂದ ಬರುವಾಗ ಹಿಂದಿ ಶಕ್ತಿಮಾನ್ ಪುಸ್ತಕ ಎರಡು ತಂದಿದ್ದ. ಶಾಲೇಲಿ ಕಲಿತ ಮುರುಕು ಹಿಂದೀಲಿ ಅಕ್ಷರ ಕೂಡಿಸಿ ಓದಿ, ಮಗನಿಗೂ ಬೀದಿ ಮಕ್ಕಳಿಗೂ ನಮ್ಮ ಮಾತಲ್ಲಿ ಹೇಳ್ತಿದ್ದೆ. ಒಂದು ದಿನ ಮಗ ಹಾರೋ ಚಿತ್ರದ ಮೇಲೆ ಬೆರಳಿಟ್ಟು, "ಅವ್ವಾ, ಇಲ್ಲಿ ಬಣ್ಣ ಗೆರೆ ದಾಟೈತೆ ನೋಡು" ಅಂದ. ಹೌದು, ಮೈಮೇಲಿನ ಕೆಂಪು ಬಣ್ಣ ಗೆರೆಯಾಚೆ ಆಕಾಶಕ್ಕೆ ಚೂರು ಹರಿದಿತ್ತು. "ಯಾರೋ ಕೂತು ಬರೆದವ್ರಪ್ಪಾ, ನೀನು ಸ್ಲೇಟಲ್ಲಿ ಬರೀತೀಯಲ್ಲ ಹಂಗೆ. ಟಿವಿಲೂ ಹಂಗೇ ಯಾರೋ ಹಗ್ಗ ಕಟ್ಟಿ ಹಾರಿಸ್ತಾರೆ" ಅಂದೆ. ಅವನು ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ನಾನೂ ಬರೀಬಹುದಾ?" ಅಂದ. ಅವತ್ತಿಂದ ಬೆನ್ನಿಗೆ ಟವಲ್ ಕಟ್ಕೊಂಡು ಜಗಲಿ ಹತ್ತೋದು ಬಿಟ್ಟು ಹಳೇ ಕ್ಯಾಲೆಂಡರಿನ ಹಿಂದುಗಡೆ ಶಕ್ತಿಮಾನ್ ಬರೆಯೋಕೆ ಕೂತ. ಅವನ ಶಕ್ತಿಮಾನ್ ನಮ್ಮ ತೆಂಗಿನ ತೋಟಕ್ಕೆ ಬಂದು ಕಾಯಿ ಕೀಳ್ತಿದ್ದ.

ಟಿವಿ ಚಿತ್ರ ಕಣ್ಣಿಗೆ ನಿಜದಂಗೇ ಕಾಣುತ್ತೆ, ಓಡ್ತಾನೇ ಇರುತ್ತೆ, ಮಗುವಿಗೆ ನಿಂತು ಕೇಳೋಕೆ ಬಿಡುವು ಕೊಡಲ್ಲ. ಚಿತ್ರದ ಪುಸ್ತಕ ತೊಡೆ ಮೇಲೆ ನಿಲ್ಲುತ್ತೆ. ಹಿಂದಿನ ಪುಟಕ್ಕೆ ಹೋಗಬಹುದು, ಬರೆದೋರ ಕೈ ಕಾಣುತ್ತೆ. ಕತೆ ಅನ್ನೋದು ಮನುಷ್ಯರು ಮಾಡೋದು ಅಂತ ಮಗುವಿಗೆ ಗೊತ್ತಾದ್ರೆ ಅರ್ಧ ಭಯ ಹೋಯ್ತು. ಆ ಕಾಲದಲ್ಲಿ ಕಾಮಿಕ್ಸ್ ಓದಿದ್ರೆ ಮಕ್ಕಳು ಕೆಡ್ತಾರೆ ಅಂತ ಹಿರಿಯರು ಬೈಯೋರು. ನಾನು ಕಂಡಿದ್ದು ಬೇರೆ.

ಒಂದು ಮಾತು ಮಾತ್ರ ನನಗೆ ಇನ್ನೂ ಚುಚ್ಚುತ್ತೆ. ನನ್ನ ಕೈಗೆ ಬಂದ ಶಕ್ತಿಮಾನ್ ಹಿಂದಿ, ತಂಗಿ ಮಗಳು ತಂದ ಸ್ಟಾರ್ ಟ್ರೆಕ್ ಇಂಗ್ಲಿಷು. ಅಮರ ಚಿತ್ರ ಕಥೆ ಹುಟ್ಟಿದ ಕನ್ನಡದಲ್ಲಿ, ಜೈಮಿನಿ ಭಾರತ ಓದಿಸಿ ಕೇಳಿದ ನಮ್ಮ ಸೀಮೇಲಿ, ಮಕ್ಕಳು ಟಿವಿಲಿ ನೋಡಿದ ಕತೆಯ ಮುಂದಿನ ಭಾಗವನ್ನ ನಮ್ಮ ಮಾತಲ್ಲಿ ಕೈಲಿ ಹಿಡಿದು ಓದೋ ಭಾಗ್ಯ ಕಮ್ಮಿ. ಕನ್ನಡ ಚಾನೆಲ್ಲುಗಳಲ್ಲಿ ದಿನಕ್ಕೆ ಎಷ್ಟು ಸೀರಿಯಲ್ ಬರ್ತಾವೆ! ಒಂದಕ್ಕಾದ್ರೂ ಹಂಗೆ ಪುಸ್ತಕ ಬೇಡ್ವಾ? ಮಾರುಕಟ್ಟೆ ಇಲ್ಲ ಅಂತಾರೆ. ಇಟಲಿಯೋರು ಸೀರಿಯಲ್ ನೋಡದೆ ಬರೆದ ಪುಸ್ತಕಾನೇ ಹನ್ನೆರಡು ವರ್ಷ ಮಾರಾಟ ಆಗಿರುವಾಗ, ನಮ್ಮ ಮಾತು, ನಮ್ಮ ಮನೆ ಗೊತ್ತಿರೋರು ಬರೆದ್ರೆ ಯಾಕೆ ಆಗಲ್ಲ?

ಅವರು ಮಾಡೋ ತನಕ ನಾವು ಕೈ ಕಟ್ಟಿ ಕೂರಬೇಕಾಗಿಲ್ಲ. ಲೈಸೆನ್ಸು, ಮಾಲೀಕರ ಅಪ್ಪಣೆ ಎಲ್ಲಾ ಅಚ್ಚು ಹಾಕಿ ಮಾರೋರಿಗೆ. ಮಡಿಲಲ್ಲಿ ಮಗು ಕೂರಿಸ್ಕೊಂಡು ಕತೆ ಮುಂದುವರಿಸೋಕೆ ಯಾರ ಸಹಿನೂ ಬೇಡ. ಮೊಮ್ಮಕ್ಕಳು ಈಗ ಫೋನಿನಲ್ಲಿ ಏನೇನೋ ಅಂತರಿಕ್ಷದ ಕಾರ್ಟೂನು ನೋಡ್ತಾವೆ. ಮುಗಿದ ಮೇಲೆ ಕೇಳಿ, "ಆಮೇಲೆ ಏನಾಯ್ತು?" ಅಂತ. ಹೆಸರಿಲ್ಲದ ಹುಡುಗಿ ಕಂಡ್ರೆ ಒಂದು ಹೆಸರು ಇಡೋಕೆ ಹೇಳಿ. ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್ ಕೊಡಿ. ಇನ್ನು ನಿಮ್ಮ ಅಟ್ಟದ ಮೇಲೆ ಹಳೇ ಸುಧಾ, ಬಾಲಮಂಗಳ, ಇಂದ್ರಜಾಲ, ಶಕ್ತಿಮಾನ್ ಯಾವುದಾದ್ರೂ ಉಳಿದಿದ್ರೆ, ನೀರೊಲೆ ಹಚ್ಚೋಕೆ ಹಾಕಬೇಡಿ, ಕೆಜಿ ಲೆಕ್ಕದಲ್ಲಿ ಹಳೇ ಪೇಪರಿನೋನಿಗೂ ಕೊಡಬೇಡಿ. ಬಿಬಿಸಿಯಂಥ ಬಿಬಿಸಿಯೇ ಅಳಿಸಿ ಕಳ್ಕೊಂಡು ಆಮೇಲೆ ಊರೂರು ಹುಡುಕ್ತು. ಒಂದು ಬಟ್ಟೆ ಸುತ್ತಿ, ಬೇವಿನ ಸೊಪ್ಪು ಹಾಕಿ ಇಡಿ. ಬೇಡ ಅನ್ನಿಸಿದ್ರೆ ನನಗೆ ಹೇಳಿ ಕಳಿಸಿ, ಬಂದು ತಗೊಂಡು ಹೋಗ್ತೀನಿ. ಬದಲಿಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟು ಬರ್ತೀನಿ.